ಬೆಳ್ಳಿಗೆ ಹಾಕಿದ ಮದ್ದು

ಬಾಳೂರು
ಭಾನುವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ಗಾನು,

ಹೇಗಿದ್ದೀಯ ಪುಟ್ಟಿ? ಮಂಗಳೂರಿನ ಸೆಕೆಗೆ ಕತ್ತಿನ ಹಿಂದೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹಾಸ್ಟೆಲಿನ ಊಟ ಸೇರದೆ ಬನ್ನು, ಬಾಳೆಹಣ್ಣಿನಲ್ಲೇ ದಿನ ತಳ್ಳುತ್ತಿದ್ದೀಯ ಎಂದು ನಿನ್ನ ದನಿಯಲ್ಲೇ ಗೊತ್ತಾಗುತ್ತದೆ. ತುಪ್ಪದ ಡಬ್ಬಿ ಮುಗಿದಿದ್ದರೆ ಹೇಳು, ಕಳಿಸುತ್ತೇನೆ. ಪರೀಕ್ಷೆ ಬಂತೆಂದು ನಿದ್ದೆಗೆಡಬೇಡ. ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ಮಳೆ ಸ್ವಲ್ಪ ಹಿಂದೆ ಸರಿದಿದೆ, ಅಲ್ಲಲ್ಲಿ ಅರೇಬಿಕಾ ಕೆಂಪಾಗಲು ಶುರುವಾಗಿದೆ, ಹಣ್ಣಾದಷ್ಟನ್ನು ಆರಿಸಲು ಬೇಗ ಜನ ಹಾಕಬೇಕು ಎನ್ನುತ್ತಿದ್ದಾರೆ. ಮೋಚಾನ ಕಿವಿಯ ಸೋಂಕು ಪೂರ್ತಿ ವಾಸಿಯಾಗಿದೆ. ಈಗಲೂ ಮೇಜಿನ ಕೆಳಗೆ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಲ್ಯಾಬ್ರಡಾರ್ ತಲೆ ಎಷ್ಟು ಭಾರ ಎಂದು ನಿನಗೆ ಗೊತ್ತಲ್ಲ, ಪಾದ ಜೋಮು ಹಿಡಿದಿದೆ. ಎಬ್ಬಿಸಲು ಮನಸ್ಸಾಗುತ್ತಿಲ್ಲ.

ನಾನು ಕನ್ನಡದಲ್ಲಿ ಬರೆದದ್ದು ನೋಡಿ ನಗಬೇಡ. ನಿನಗೆ ಇಷ್ಟು ವರ್ಷ ಕಳಿಸಿದ ಮೆಸೇಜೆಲ್ಲ ಇಂಗ್ಲಿಷಿನವೇ. ಆದರೆ ಈಗ ಹೇಳಬೇಕಾದ ಸಂಗತಿ ನಡೆದದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಬರೆಯಲು ಎರಡು ಸಲ ಕುಳಿತೆ. ಎರಡು ಸಲವೂ ಅದು ಬೇರೆ ಯಾರದೋ ಮನೆಯಲ್ಲಿ ಆದ ಹಾಗೆ ಕಂಡಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು “ನೀನು ಅಳಬೇಡ ಅಮ್ಮ, ನಿನ್ನದೇನು ತಪ್ಪಿದೆ ಇದ್ರಲ್ಲಿ” ಎನ್ನುತ್ತೀಯ. ಆಮೇಲೆ ನಾನು ಮಾತು ತಿರುಗಿಸಿ ಊಟ ಆಯ್ತಾ ಎಂದು ಕೇಳುತ್ತೇನೆ. ಆಳುಗಳ ಲೈನುಮನೆಗಳ ನಾಯಿಗಳು ಸತ್ತು ಎರಡು ವಾರವಾಯಿತು. ಎರಡು ವಾರದಿಂದ ನಾನು ನಿನ್ನನ್ನು ಊಟ ಆಯ್ತಾ ಎಂದೇ ಕೇಳುತ್ತಿದ್ದೇನೆ.

ನೀನು ಬರೆದು ಹಾಕಿದ್ದನ್ನು ನೋಡಿದೆ. ಲೈನಿನ ನಾಯಿಗಳಿಗೂ ಇಂಜೆಕ್ಷನ್ ಕೊಡಿಸಬೇಕೆಂದು ನಮ್ಮ ಅಮ್ಮ ಡಾಕ್ಟರನ್ನು ಗೊತ್ತು ಮಾಡಿದ್ದಳು, ಡಾಕ್ಟರ್ ಬರುವ ಮೊದಲೇ ನಮ್ಮ ತೋಟದ ಮೇಸ್ತ್ರಿ ಎಲ್ಲವನ್ನೂ ವಿಷ ಹಾಕಿ ಕೊಂದ, ಅಮ್ಮನ ಮಗಳು ಎನ್ನಲು ನನಗೆ ಹೆಮ್ಮೆ, ಬಾಲರಾಜ್ ಅಂಕಲ್ ಮುಖ ಇನ್ನು ನೋಡಲಾರೆ, ಅಂತ. ಅದರ ಕೆಳಗೆ ನನ್ನ ಪರಿಚಯದವರೇ ಎಷ್ಟು ಜನ ಹೃದಯದ ಗುರುತು ಒತ್ತಿದ್ದಾರೆ. ಜೊತೆಗಿರುವ ಫೋಟೋದಲ್ಲಿ ನೀನೂ ಬೆಳ್ಳಿಯೂ ಕಾಫಿ ಒಣಗಿಸುವ ಕಣದಲ್ಲಿ ಕುಳಿತಿದ್ದೀರಿ. ಅದರ ಒಂದು ಕಿವಿ ಮಡಚಿದೆ. ಆ ಬರಹವನ್ನು ಅಳಿಸು ಎಂದು ಹೇಳಲು ನನಗೆ ಬಾಯಿಲ್ಲ. ಆದರೆ ಅದರಲ್ಲಿ ಬರೆದದ್ದು ನಿಜವಲ್ಲ.

ಚಿಕ್ಕಮಗಳೂರಿನ ಮಹಿಳಾ ಬೆಳೆಗಾರರ ಸಭೆಯಲ್ಲಿ ನಾನು ಮಾತಾಡಲು ಹೋದದ್ದು ನಿನಗೆ ಗೊತ್ತೇ ಇದೆ. ‘ಹನ್ನೆರಡು ತಿಂಗಳೂ ನಾಯಿಯ ಆರೋಗ್ಯ’ ಎಂಬ ವಿಷಯ. ತಿಂಗಳುಗಟ್ಟಲೆ ತಯಾರಿ ಮಾಡಿದ್ದೆ. ಮಳೆಗಾಲದಲ್ಲಿ ತೋಟ ಸುತ್ತಿ ಬಂದ ನಾಯಿಯ ಬೆರಳ ಸಂದಿ, ಕಿವಿಯ ಒಳಭಾಗ ಒರೆಸಿ ಒಣಗಿಸಬೇಕು. ಮೂಗಿನಿಂದ ರಕ್ತ ಸೋರಿದರೆ ಒಳಗೆ ರಕ್ತ ಹೀರುವ ಇಂಬಳ ಹೊಕ್ಕಿರಬಹುದು, ಕೈಹಾಕಿ ಎಳೆಯದೆ ಡಾಕ್ಟರಿಗೆ ತೋರಿಸಬೇಕು. ಕೊಯ್ಲಿನ ದಿನಗಳಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ನೀರಿನ ಗುಂಡಿಗೆ ಬೇಲಿ ಹಾಕಬೇಕು. ದೀಪಾವಳಿಗೆ ಪಟಾಕಿ ಸದ್ದು ಕೇಳದ ಒಳಕೋಣೆಯಲ್ಲಿ ಬಿಡಬೇಕು. ಶಿವರಾತ್ರಿಯಿಂದ ಮುಂಗಾರಿನವರೆಗೆ ಉಣ್ಣೆಹುಳದ ಕಾಟ, ದಿನಾ ಸಂಜೆ ಮೈ ಸವರಿ ನೋಡಬೇಕು. ವರ್ಷಕ್ಕೊಂದು ಸಲ ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬಾರದು. ಇವೆಲ್ಲ ನಾನು ಮೋಚಾನಿಗೆ ಮಾಡಿಯೇ ಕಲಿತದ್ದು, ಯಾವುದೂ ಸುಳ್ಳಲ್ಲ. ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೆ: ನಮ್ಮ ಮನೆಯ ನಾಯಿ ಚೆನ್ನಾಗಿರಬೇಕಾದರೆ ನಮ್ಮ ಲೈನಿನ ನಾಯಿಗಳೂ ಚೆನ್ನಾಗಿರಬೇಕು. ಅದಕ್ಕೇ ಜೋರಾಗಿ ಚಪ್ಪಾಳೆ ಬಿತ್ತು.

ಆ ಮಾತು ನನಗೆ ಹೊಳೆದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಹೋದ ಬೇಸಿಗೆಯಲ್ಲಿ ಮೋಚಾನಿಗೆ ಉಣ್ಣೆ ಜ್ವರ ಬಂದು, ಮೂಡಿಗೆರೆಯಲ್ಲಿ ಡ್ರಿಪ್ ಹಾಕಿಸಿ, ಅವನು ಅನ್ನ ಮುಟ್ಟದೆ ಗೋಡೆ ನೋಡುತ್ತಾ ಮಲಗಿದ್ದಾಗ ನಾನು ಪ್ರತಿದಿನ ಬೈದದ್ದು ಬೆಳ್ಳಿಯನ್ನು. ಸಂಜೆಯಾದರೆ ಲೈನಿನಿಂದ ಹತ್ತಿ ಬಂದು ನಮ್ಮ ಕಣದಲ್ಲಿ ಮಲಗುತ್ತಿದ್ದದ್ದು ಅದೇ. ನೀನು ರಜೆಗೆ ಬಂದಾಗೆಲ್ಲ ಮೋಚಾನ ತಟ್ಟೆಯಿಂದಲೇ ಅದಕ್ಕೂ ಹಾಕುತ್ತಿದ್ದೆ. ನೀನು ಪಿಯುಸಿಗೆ ಬಸ್ಸು ಹಿಡಿಯುವಾಗ ಗೇಟಿನಿಂದ ರಸ್ತೆಯವರೆಗೆ ಜೊತೆಗೆ ಬಂದು, ಬಸ್ಸು ತಿರುವು ದಾಟುವವರೆಗೂ ಕುಳಿತಿರುತ್ತಿತ್ತು. ಲೈನಿನ ಪ್ರೇಮಲತಾ ಅದನ್ನು ಮರಿಯಿಂದ ಸಾಕಿದವಳು, ಆದರೆ “ಇದು ನಂದಲ್ಲ ಅಮ್ಮ, ಗಾನಕ್ಕಂದು. ನಂದು ಬರೀ ಅನ್ನದ ಖರ್ಚು” ಎಂದು ನಗುತ್ತಿದ್ದಳು. ನಾನು ‘ಅದು’ ಎಂದಾಗೆಲ್ಲ ನೀನು “ಅದು ಅಲ್ಲ ಅಮ್ಮ, ಅವಳು” ಎಂದು ತಿದ್ದುತ್ತಿದ್ದೆ. ಮೋಚಾ ನನಗೆ ಮೊದಲ ದಿನದಿಂದಲೇ ‘ಅವನು’. ಇದನ್ನು ನಾನು ಗಮನಿಸಿದ್ದು ಈ ಪತ್ರದ ಮೇಲಿನ ಸಾಲುಗಳನ್ನು ಓದಿದಾಗ.

ಜ್ವರ ವಾಸಿಯಾದರೂ ನನ್ನ ಬೈಗಳು ನಿಲ್ಲಲಿಲ್ಲ. ಕಣದಲ್ಲಿ, ಗೋಡೌನಿನ ಮುಂದೆ, ಆಳುಗಳ ಹಾಜರಿ ಕೂಗುವಾಗ, ಎಲ್ಲಿ ಬಾಲರಾಜ್ ಸಿಕ್ಕಿದರೂ ಅದೇ ಮಾತು. “ಈ ಲೈನಿನ ನಾಯಿಗಳಿಗೆ ಏನಾದ್ರೂ ಒಂದು ಮಾಡ್ಬೇಕು ಬಾಲರಾಜ್.” ಅವರು “ಮಾಡಣ ಅಮ್ಮೋರೆ” ಎನ್ನುತ್ತಿದ್ದರು. ಒಂದು ಸಲ ಬೆಳ್ಳಿ ಮರಿ ಹಾಕಿದ್ದು ನೋಡಿ “ಇನ್ನೂ ಹೆಚ್ಚಾಯ್ತಲ್ಲ ಮಾರಾಯ್ರೆ, ಇದಕ್ಕೊಂದು ಕೊನೆ ಇಲ್ವಾ?” ಎಂದೂ ಹೇಳಿದ್ದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಆಪರೇಶನ್ ಮಾಡಿಸುವುದು, ಲಸಿಕೆ, ಉಣ್ಣೆಯ ಔಷಧಿ. ಬಾಯಲ್ಲಿ ಬಂದದ್ದು ಇಷ್ಟು.

ಸಭೆಯ ದಿನ, ಶನಿವಾರ, ನನ್ನ ಸರದಿಗೆ ಸ್ವಲ್ಪ ಮೊದಲು ಡಾಕ್ಟರ್ ಜಯದೇವಪ್ಪ ಫೋನ್ ಮಾಡಿ, ಸೋಮವಾರ ಬಾಳೂರಿನ ಕಡೆ ಲಸಿಕೆ ತಗೊಂಡು ಬರ್ತೀನಿ, ನಾಯಿಗಳನ್ನು ಕಟ್ಟಿಸಿಡಿ ಎಂದರು. ಕೂಡಲೇ ಬಾಲರಾಜ್‌ಗೆ ಫೋನ್ ಹಚ್ಚಿದೆ. ಇಲ್ಲಿ ನಾನು ಮಾಡಿದ್ದನ್ನು ನಿನಗೆ ಬಿಡಿಸಿ ಹೇಳಬೇಕು. ಭಾಷಣಕ್ಕೆ ನಾನು ಒಂದೂ ಇಂಗ್ಲಿಷ್ ಮಾತು ಬರದಂತೆ ಕಷ್ಟಪಟ್ಟು ಬರೆದಿದ್ದೆ. ಕುದುರೆಮುಖದ ಗಣಿ ಕಾಲೋನಿಯಲ್ಲಿ ಬೆಂಗಾಲಿ, ತಮಿಳು, ಹಿಂದಿ ಮಕ್ಕಳ ಜೊತೆ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ನಿನ್ನ ಅಜ್ಜಿ ನನ್ನದನ್ನು ಪೇಪರ್ ಕನ್ನಡ ಎಂದು ಹಾಸ್ಯ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ತಲೆಯ ತುಂಬ ಕನ್ನಡವೇ ತುಂಬಿಕೊಂಡು ಏನೋ ಒಂದು ಹುಮ್ಮಸ್ಸು. ಲಸಿಕೆ ಎಂದರೆ ಬಾಲರಾಜ್‌ಗೆ ತಿಳಿಯಲಿಕ್ಕಿಲ್ಲ, ಅವರ ಮಾತಿನಲ್ಲೇ ಹೇಳೋಣ ಎನಿಸಿತು. “ಆ ಲೈನಿನ ನಾಯಿಗಳಿಗೆಲ್ಲ ಮದ್ದು ಹಾಕಿಸಿಬಿಡಿ ಬಾಲರಾಜ್, ಇನ್ನು ತಡ ಮಾಡೋದು ಬೇಡ” ಎಂದೆ.

ಮದ್ದು. ನಿನಗೆ ಗೊತ್ತಲ್ಲ, ಇಲ್ಲಿ ಕೆಮ್ಮಿಗೆ ಕುಡಿಯುವುದೂ ಮದ್ದೇ, ಗಿಡಕ್ಕೆ ಹೊಡೆಯುವುದೂ ಮದ್ದೇ, ಇಲಿಗೆ ಹಾಕುವುದೂ ಮದ್ದೇ. ಅದೇ ವಾರ ಬಸವನಹುಳ ಕಾಫಿ ಗಿಡದ ತೊಗಟೆ ತಿನ್ನುತ್ತಿದೆ ಎಂದು ನಾನೇ ಅವರ ಹತ್ತಿರ ದಿನಾ “ಮದ್ದು ಹಾಕಿದ್ರಾ? ಮದ್ದು ಹಾಕಿದ್ರಾ?” ಎಂದು ಕೇಳಿದ್ದೆ. ಆ ಹುಳದ ಮದ್ದು ಗೋಡೌನಿನಲ್ಲಿ ಚೀಲದಲ್ಲಿತ್ತು. ನಾಯಿಯನ್ನು ಡಾಕ್ಟರಿಗೆ ತೋರಿಸುವುದಾದರೆ ಲೈನಿನಲ್ಲಿ ಚಿಕ್ಕ ಮಕ್ಕಳೂ ‘ಇಂಜೆಕ್ಷನ್ ಹಾಕ್ಸೋದು’ ಎನ್ನುತ್ತಾರೆ. ಇಂಜೆಕ್ಷನ್ ಎಂಬ ಒಂದು ಇಂಗ್ಲಿಷ್ ಮಾತು ಆಡಿದ್ದರೆ ಬೆಳ್ಳಿ ಇವತ್ತು ಕಣದಲ್ಲಿ ಮಲಗಿರುತ್ತಿತ್ತು. ಸೋಮವಾರ, ಡಾಕ್ಟರು, ಕಟ್ಟಿ ಹಾಕಿ ಎಂಬುದೊಂದನ್ನೂ ನಾನು ಹೇಳಲಿಲ್ಲ. ವೇದಿಕೆಗೆ ಕರೆದರೆಂದು ಫೋನ್ ಇಟ್ಟೆ.

ಗೆಳತಿಯ ಮನೆಯಲ್ಲಿ ಉಳಿದು ಮರುದಿನ ಮಧ್ಯಾಹ್ನ ನಾನು ಬರುವಷ್ಟರಲ್ಲಿ ಲೈನಿನ ಹಿಂದೆ, ಸಿಲ್ವರ್ ಮರಗಳ ಬುಡದಲ್ಲಿ, ನಾಯಿಗಳ ಮೇಲೆ ಮಣ್ಣು ಮುಚ್ಚಿಯಾಗಿತ್ತು. ಹಲ್ಲಿಲ್ಲದ ಮುದಿ ನಾಯಿ ಕರಿಯ ಮಾತ್ರ ಮದ್ದು ಕಲಸಿದ ಅನ್ನದ ಹತ್ತಿರ ಬಂದಿರಲಿಲ್ಲವಂತೆ, ಅದೊಂದು ಉಳಿದಿದೆ. ಬೆಳ್ಳಿ ಹೇಗೆ ಹೋಯಿತು ಎಂದು ನೀನು ಕೇಳಿದ್ದೆ. ನಾನು ನೋಡಿಲ್ಲ, ನೋಡಿದವರನ್ನು ಕೇಳುವ ಧೈರ್ಯವೂ ಇಲ್ಲ. ಕೊನೆಗೆ ಅದು ನಮ್ಮ ಕಣದ ದಾರಿ ಹಿಡಿದು ಅರ್ಧ ಹತ್ತಿ ಬಂದಿತ್ತು ಎಂಬುದಷ್ಟು ಕಿವಿಗೆ ಬಿದ್ದಿದೆ.

ಅಂಗಳದಲ್ಲಿ ಅಪ್ಪ ಬಾಲರಾಜ್ ಮೇಲೆ ಕೂಗಾಡುತ್ತಿದ್ದರು. “ಮನುಷ್ಯನಾ ಮಾರಾಯ ನೀನು? ಎಂತ ಬಂದಿತ್ತು ನಿಂಗೆ? ಯಾರು ಹೇಳಿದ್ರು ನಿಂಗೆ?” ಬಾಲರಾಜ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಜೀಪಿನಿಂದ ಇಳಿದದ್ದನ್ನು ನೋಡಿದರು. ಅಮ್ಮೋರು ಹೇಳಿದ್ರು ಎಂಬ ಎರಡು ಮಾತು ಸಾಕಿತ್ತು. “ತಪ್ಪಾಯ್ತು ಸಾರ್. ನಾನೇ ತಪ್ಪು ತಿಳ್ಕಂಡೆ” ಎಂದರು. ತಪ್ಪು ತಿಳ್ಕಂಡೆ ಎಂದಾಗ ನನ್ನತ್ತ ನೋಡಿದರು, ನಾನು ಏನಾದರೂ ಹೇಳುತ್ತೇನೆ ಎಂದು ಕಾದ ಹಾಗೆ. ನಾನು ಮಾಡಿದ್ದೇನು ಗೊತ್ತೇ? ಮೋಚಾನ ನೀರಿನ ಬಟ್ಟಲು ಖಾಲಿಯಾಗಿದೆ ಎಂದು ಎತ್ತಿಕೊಂಡು ಒಳಗೆ ಹೋದೆ. ನಲ್ಲಿಯ ಕೆಳಗೆ ಹಿಡಿದೆ, ತುಂಬಿತು, ಚೆಲ್ಲಿದೆ, ಮತ್ತೆ ಹಿಡಿದೆ. ಹೊರಗೆ ಮಾತು ನಿಲ್ಲುವವರೆಗೂ.

ಸೋಮವಾರ ಡಾಕ್ಟರ್ ಜಯದೇವಪ್ಪ ಬಂದೇ ಬಂದರು. ಬೇಡ ಎಂದು ಹೇಳಲು ನನಗೆ ಮುಖವಿರಲಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಐಸಿನ ಡಬ್ಬಿ ಹಿಡಿದು ನೇರ ಲೈನಿನ ಮುಂದೆ ಇಳಿದು “ಎಲ್ರಮ್ಮ ನಾಯಿಗಳು? ಹಿಡ್ಕಳಿ ಹಿಡ್ಕಳಿ, ಕಚ್ಚಿದ್ರೆ ನಂಗೂ ನಾನೇ ಚುಚ್ಕಬೇಕು” ಎಂದು ಅವರ ಮಾಮೂಲಿ ತಮಾಷೆ ಮಾಡಿದರಂತೆ. ಕರಿಯನನ್ನು ಎತ್ತಿಕೊಂಡು ಬಂದು ಒಬ್ಬರು ಮುಂದೆ ಇಟ್ಟರಂತೆ. ಆಮೇಲೆ ಡಾಕ್ಟರು ಮೇಲೆ ಬಂದು ಮೋಚಾನಿಗೂ ಹಾಕಿ ಹೋದರು. ನಾನು ಅವನ ತಲೆ ಹಿಡಿದುಕೊಂಡಿದ್ದೆ. ಹೆದರಬೇಡ ಕಂದ ಎಂದೆ. ಆ ಮಾತು ನನ್ನ ಕಿವಿಗೇ ಅಸಹ್ಯವಾಯಿತು.

ಅಪ್ಪ ಬಾಲರಾಜ್‌ಗೆ ದೀಪಾವಳಿಯೊಳಗೆ ಮನೆ ಖಾಲಿ ಮಾಡಲು ಹೇಳಿದರು. ನೀನು ಅಪ್ಪನಿಗೆ ಫೋನ್ ಮಾಡಿ, ಅವನು ಇದ್ದರೆ ನಾನು ಹಬ್ಬಕ್ಕೆ ಬರುವುದಿಲ್ಲ ಎಂದದ್ದೂ ಅದಕ್ಕೆ ಸೇರಿತು. ನಿನ್ನನ್ನು ನಾನು ದೂರುವುದಿಲ್ಲ ಗಾನು. ನಿನಗೆ ತಿಳಿದಷ್ಟಕ್ಕೆ ಅದು ಸರಿಯಾದ ಸಿಟ್ಟು. ಈಗ ಹೆಂಗಸರು ಬಾಲರಾಜ್ ಹೇಳಿದ ಕಾಫಿ ಸಾಲಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಬಾಳೂರಿನ ಅಂಗಡಿಯಲ್ಲಿ ಅವರು ಯಾರಿಗೋ ಬೀಡಿ ಕೊಡಲು ಹೋದರೆ “ಬ್ಯಾಡ ಬಾಲರಾಜಣ್ಣ, ನಂಗಿನ್ನೂ ಮದ್ವೆ ಆಗ್ಬೇಕು” ಎಂದನಂತೆ ಒಬ್ಬ. ಅಂಗಡಿಯೆಲ್ಲ ನಕ್ಕಿತಂತೆ, ಬಾಲರಾಜೂ ನಕ್ಕರಂತೆ. ಜಾವಳಿಯ ಕಡೆ ಒಂದು ತೋಟದಲ್ಲಿ ಕೆಲಸ ಕೇಳಿದರೆ, ನಮ್ಮದು ನಾಯಿ ಸಾಕಿದ ಮನೆ ಎಂದು ಹೇಳಿ ಕಳಿಸಿದರಂತೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುತ್ತಿದ್ದವರು ಅವರು. ಇನ್ನು ಈ ಬೆಟ್ಟಗಳಲ್ಲಿ ಎಲ್ಲಿಗೆ ಹೋದರೂ ನಾಯಿ ಕೊಂದವನೆಂಬ ಹೆಸರು ಅವರಿಗಿಂತ ಮೊದಲು ಹೋಗಿ ಕೂತಿರುತ್ತದೆ. ಅದು ನಿಲ್ಲಬೇಕಾದರೆ ನಾನು ಬಾಯಿ ಬಿಡಬೇಕು.

ಮೊನ್ನೆ ಅಪ್ಪನಿಗೆ ಹೇಳಿದೆ. “ಒಂದು ಶಬ್ದದ ತಪ್ಪು. ಅವನನ್ನ ಇರು ಅಂತೀನಿ ಬಿಡು. ನೀನು ಯಾಕೆ ಲೈನಿಗೆಲ್ಲ ಹೋಗಿ ಹೇಳ್ಕಳ್ತೀಯ?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಾಗೆ ಉಳಿದರೆ ಬಾಲರಾಜ್ ಯಜಮಾನರು ಕ್ಷಮಿಸಿದ ಕೊಲೆಗಾರನಾಗಿ ಉಳಿಯುತ್ತಾರೆ, ನಾನು ಕ್ಷಮಿಸಿದವರ ಹೆಂಡತಿಯಾಗಿ.

ಇವತ್ತು ಬೆಳಿಗ್ಗೆ ಪ್ರೇಮಲತಾಳ ಮನೆಗೆ ಹೋದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೆಳ್ಳಿಯ ಅಲ್ಯೂಮಿನಿಯಂ ತಟ್ಟೆ ಗೋಡೆಗೆ ಒರಗಿಸಿ ಬೋರಲು ಇಟ್ಟಿತ್ತು. ಮದ್ದು ಎಂದರೆ ನಾನು ಇಂಜೆಕ್ಷನ್ ಎಂದುಕೊಂಡಿದ್ದೆ, ಬಾಲರಾಜ್ ಬೇರೆ ತಿಳಿದುಕೊಂಡರು, ತಪ್ಪು ನನ್ನದು, ನನ್ನ ಕನ್ನಡದ್ದು ಎಂದು ಎಲ್ಲ ಹೇಳಿದೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ನಿಂತವರಿಗೂ ಕೇಳುವ ಹಾಗೇ ಹೇಳಿದೆ. ಅವಳು ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ “ಕಾಫಿ ಕುಡೀತೀರಾ?” ಎಂದಳು. ಬೇಡ ಎಂದೆ. ಆಮೇಲೆ ಮೆಲ್ಲಗೆ, ನನ್ನ ಮುಖ ನೋಡದೆ, “ನಿಮ್ಮ ಕನ್ನಡ ನಮಗೆ ಚೆನ್ನಾಗೇ ಅರ್ಥ ಆಗ್ತದೆ ಅಮ್ಮ” ಎಂದಳು. ಸಿಟ್ಟಿರಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ವಾಪಸು ಹತ್ತಿ ಬರುವಾಗ ಆ ಮಾತನ್ನು ಎಷ್ಟು ತಿರುಗಿಸಿ ನೋಡಿದರೂ ಸಮಾಧಾನ ಎಂದು ಓದಿಕೊಳ್ಳಲು ನನಗಾಗಲಿಲ್ಲ.

ಇಷ್ಟು ಬರೆದು ಈಗ ಬೆಳಕು ಕಡಿಮೆಯಾಗಿದೆ. ನೀನು ಓದಿ ಎರಡು ದಿನ ಮಾತಾಡದಿದ್ದರೂ ನನಗೆ ಬೇಸರವಿಲ್ಲ. ಚೆನ್ನಾಗಿ ಊಟ ಮಾಡು, ಪರೀಕ್ಷೆ ಚೆನ್ನಾಗಿ ಬರಿ. ಕೋಣೆಯ ಗೆಳತಿಯರನ್ನು ಕೇಳಿದೆ ಎಂದು ಹೇಳು. ನಿನಗೆ ಎಲ್ಲ ಒಳ್ಳೆಯದಾಗಲಿ. ಆಶೀರ್ವಾದ ಮಾಡಲು ಈ ವಾರ ನನ್ನ ಕೈ ಏಳುತ್ತಿಲ್ಲ. ಆದರೂ ಅಮ್ಮನದು, ಇಟ್ಟುಕೋ.

ನಿನ್ನ ಅಮ್ಮ,
ರೂಪಶ್ರೀ

ಮರೆತ ಮಾತು: ಸೋಮವಾರ ಬೆಳಿಗ್ಗೆ. ಅಪ್ಪ ಮೂಡಿಗೆರೆಗೆ ಹೊರಟು ಜೀಪಿನಲ್ಲಿ ಹಾರನ್ ಹೊಡೆಯುತ್ತಿದ್ದಾರೆ, ಪತ್ರ ಅಂಚೆಗೆ ಹಾಕಲು ಕೇಳುತ್ತಿದ್ದಾರೆ. ಮರೆತ ಮಾತು ಎಂದು ಮೇಲೆ ಬರೆದದ್ದೂ ಸುಳ್ಳು, ಮರೆತಿರಲಿಲ್ಲ. ಅಂದು ಫೋನಿನಲ್ಲಿ ಮದ್ದು ಹಾಕಿಸಿಬಿಡಿ ಎಂದೆನಲ್ಲ, ನಾನು ಆಗಲೇ ಫೋನ್ ಇಡಲಿಲ್ಲ. ಬಾಲರಾಜ್ ದನಿ ತಗ್ಗಿಸಿ “ಎಲ್ಲಾವಕ್ಕೂವಾ ಅಮ್ಮೋರೆ? ಪ್ರೇಮಲತನ ಬೆಳ್ಳಿಗೂವಾ?” ಎಂದು ಕೇಳಿದರು. ಇಂಜೆಕ್ಷನ್ ಹಾಕಿಸಲು ಯಾರೂ ಹಾಗೆ ದನಿ ತಗ್ಗಿಸಿ ಕೇಳುವುದಿಲ್ಲ. ಅದು ನನಗೆ ಆಗಲೇ ತಿಳಿಯಿತು. ತಿಳಿಯಲಿಲ್ಲ ಎಂದು ಎರಡು ವಾರ ನನಗೆ ನಾನೇ ಹೇಳಿಕೊಂಡೆ, ಅಪ್ಪನಿಗೂ, ಪ್ರೇಮಲತಾಳಿಗೂ, ಈ ಪತ್ರದಲ್ಲಿ ನಿನಗೂ. ವೇದಿಕೆಯಿಂದ ನನ್ನ ಹೆಸರು ಕೂಗಿದರು. ನಾನು “ಅದಕ್ಕೇ ಮೊದಲು ಹಾಕಿ” ಎಂದೆ. ಸಂಜೆ ಮತ್ತೆ ಲೈನಿಗೆ ಹೋಗಿ ಈ ಮಾತನ್ನೇ ಹೇಳುತ್ತೇನೆ, ಬಾಲರಾಜ್ ಎದುರಿಗೇ. ನೀನು ಅವರಿಗೊಂದು ಫೋನ್ ಮಾಡು ಗಾನು. ನನಗೆ ಆಮೇಲೆ ಮಾಡುವಿಯಂತೆ. ‘ಅದಕ್ಕೇ’ ಅಂದೆ ನಾನು ಬೆಳ್ಳಿಯನ್ನು, ಅವಳನ್ನು.